ಕೊಟ್ಟೂರಪ್ಪನವರ ಇಪ್ಪತ್ನಾಲ್ಕನೇ ಗಂಟು

ಹೋದ ತಿಂಗಳು ನಮ್ಮ ಶಾಲೆಯ ವಾರ್ಷಿಕೋತ್ಸವ ಆಯಿತು. ನೂಲು-ನೇಯ್ಗೆ ವಿಭಾಗದಲ್ಲಿ ಈಗ ಅರವತ್ತು ಜನ ಕಲಿಯುತ್ತಿದ್ದಾರೆ, ದಾವಣಗೆರೆಗೇ ಹೆಮ್ಮೆ ಎಂದು ವೇದಿಕೆಯ ಮೇಲೆ ಒಬ್ಬರಾದ ಮೇಲೊಬ್ಬರು ಹೇಳಿದ್ದೇ ಹೇಳಿದ್ದು. ಹಳೆಯ ಪ್ರಿನ್ಸಿಪಾಲರಿಗೆ ಹಾರ, ಹೊಸ ಪ್ರಿನ್ಸಿಪಾಲರಿಗೆ ಹಾರ, ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತದ ಯಾರೋ ಸಾಹುಕಾರರಿಗೆ ಶಾಲು. ಹಿಂದಿನ ಸಾಲಿನಲ್ಲಿ ಕಂಬದ ಪಕ್ಕ ಕರಿ ಕೋಟು ಹಾಕಿಕೊಂಡು ಕೂತಿದ್ದ ಕೊಟ್ಟೂರಪ್ಪನವರ ಹೆಸರು ಮಾತ್ರ ಒಬ್ಬರ ಬಾಯಲ್ಲೂ ಬರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅವರನ್ನು ಕೇಳಿದರೆ, "ಹೋಗ್ಲಿ ಬಿಡವ್ವ, ಮಂಡಕ್ಕಿ ಮೆಣಸಿನಕಾಯಿ ಚಲೋ ಇದ್ವು" ಎಂದು ಕೈ ಒರೆಸಿಕೊಂಡು ಹೊರಟೇಬಿಟ್ಟರು. ಅವರು ಬಿಟ್ಟರೂ ನಾನು ಬಿಡುವವಳಲ್ಲ. ಅವರು ನಿವೃತ್ತರಾಗುವ ತನಕ ಒಂಬತ್ತು ವರ್ಷ ಅವರ ಎದುರು ಮೇಜಿನಲ್ಲಿ ಟೈಪಿಸ್ಟ್ ಆಗಿದ್ದವಳು ನಾನು, ಅನ್ನಪೂರ್ಣಮ್ಮ. ಆ ವಿಭಾಗ ಹೇಗೆ ಉಳಿಯಿತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ನಮ್ಮದು ವಿಶ್ವವಿದ್ಯಾನಿಲಯದ ಕೈಕೆಳಗಿನ ವೃತ್ತಿಶಿಕ್ಷಣ ಶಾಲೆ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಮೂರು ವರ್ಷದ ಡಿಪ್ಲೊಮಾ. ಕೊಟ್ಟೂರಪ್ಪನವರು ಅಲ್ಲಿ ಹೆಡ್ ಕ್ಲಾರ್ಕ್. ಬಾತಿಯವರು, ಓದಿದ್ದು ಇಂಟರ್‌ಮೀಡಿಯಟ್, ಹಣೆ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು, ಸವೆದು ಸವೆದು ಮಿಂಚುತ್ತಿದ್ದ ಕರಿ ಕೋಟು. ಶಾಲೆಗೆ ಬರುವ ಹಣ ಯಾವ ವರ್ಷವೂ ಸಾಕಾಗುತ್ತಿರಲಿಲ್ಲ. ಅದಕ್ಕೆ ಅವರು ಮಾಡುತ್ತಿದ್ದ ಉಪಾಯಗಳನ್ನು ನೋಡಿದರೆ ನಗು ಬರಬೇಕೋ ಅಳು ಬರಬೇಕೋ ತಿಳಿಯುತ್ತಿರಲಿಲ್ಲ. ಬಂದ ಲಕೋಟೆಗಳನ್ನೆಲ್ಲ ಬಿಚ್ಚಿ, ಒಳಮೈ ಹೊರಗೆ ಮಾಡಿ ಅಂಟಿಸಿ ಮತ್ತೆ ಕಳಿಸುವುದು. ಹುಡುಗರು ಕಲಿಯುವಾಗ ನೇಯ್ದ ಸೊಟ್ಟಪಟ್ಟ ಬಟ್ಟೆಯನ್ನು ಟವೆಲ್ಲು ಮಾಡಿಸಿ ಹಾಸ್ಟೆಲಿಗೆ ಮಾರಿ, ಆ ದುಡ್ಡಿನಲ್ಲಿ ಮತ್ತೆ ನೂಲು ತರುವುದು. ನನ್ನ ಟೈಪ್‌ರೈಟರಿನ ರಿಬ್ಬನ್ನು ಬೂದಿ ಬಣ್ಣಕ್ಕೆ ಬಂದರೂ "ಇನ್ನೂ ಕಾಣ್ತೈತಲ್ಲವ್ವ" ಎನ್ನುವುದು. ಬೀದಿಯ ಸದ್ದಿಗಿಂತ ನಮ್ಮಿಬ್ಬರ ಜಗಳದ ಸದ್ದೇ ಜಾಸ್ತಿ ಇರುತ್ತಿತ್ತು.

ನೂಲು-ನೇಯ್ಗೆ ವಿಭಾಗ ಶುರುವಾದದ್ದು ೧೯೫೭ರಲ್ಲಿ. ಅರಳೆ ಮಂಡಿ, ಹತ್ತಿ ಮಿಲ್ಲುಗಳ ಊರಿನಲ್ಲಿ ಮಗ್ಗದ ವಿದ್ಯೆ ಕಲಿಸದಿದ್ದರೆ ಹೇಗೆ ಎಂದು ಬರೆದು ಬರೆದು ಅದನ್ನು ತರಿಸಿದವರೇ ಕೊಟ್ಟೂರಪ್ಪನವರು. ಪತ್ರಕ್ಕೆ ಸಹಿ ಪ್ರಿನ್ಸಿಪಾಲರದು, ಕರಡು ಇವರದು. ಮಗ್ಗ ಬಂತು, ಕಲಿಸುವವರು ಬೇಕಲ್ಲ. ಊರಿನ ಒಂದು ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿದ್ದ ಇಮಾಮ್ ಸಾಬ್ ಅವರ ಮನೆಗೆ ಇವರೇ ನಾಲ್ಕು ಸಲ ಹೋದರು. ಇಮಾಮ್ ಸಾಬರಿಗೆ ಮೂವರು ಹೆಣ್ಣುಮಕ್ಕಳು. ಇದ್ದ ಕೆಲಸ ಬಿಡಲು ಹೆದರಿಕೆ. "ಮಿಲ್ಲಿನ ಕೆಲ್ಸ ಇವತ್ತು ಐತೆ, ನಾಳೆ ಇಲ್ಲ. ಇದು ವಿಶ್ವವಿದ್ಯಾನಿಲಯದ್ದು ಸಾಬ್ರೇ, ಮುಚ್ಚೋದಿಲ್ಲ. ನನ್ನ ಮಾತು" ಎಂದು ಕೊಟ್ಟೂರಪ್ಪನವರು ಕೈ ಮೇಲೆ ಕೈ ಇಟ್ಟರು. ಇಮಾಮ್ ಸಾಬರು ರಾಜೀನಾಮೆ ಕೊಟ್ಟು ಬಂದರು. ಮೊದಲ ವರ್ಷ ಇಪ್ಪತ್ತೆರಡು ಹುಡುಗರು ಸೇರಿದರು, ಎಲ್ಲರಿಗೂ ಸಂತೋಷ.

ಎರಡನೇ ವರ್ಷ ಸೇರಿದವರು ಹನ್ನೊಂದೇ ಜನ. ಪ್ರತಿವರ್ಷ ಜುಲೈ ಮೂವತ್ತೊಂದರ ಸಂಜೆ ಐದಕ್ಕೆ ದಾಖಲಾತಿ ಪುಸ್ತಕ ಮುಚ್ಚಬೇಕು, ಅದರಲ್ಲಿ ಎಷ್ಟು ಹೆಸರಿದೆಯೋ ಅಷ್ಟಕ್ಕೆ ಅನುದಾನ. ಇದು ನಿಯಮ. ಆಗಸ್ಟ್ ತಿಂಗಳ ನಡುವಿನಲ್ಲಿ ಒಂಬತ್ತು ಹತ್ತು ಜನ ತಂದೆಯಂದಿರು ಮಕ್ಕಳ ಕೈ ಹಿಡಿದುಕೊಂಡು ಬಂದರು. ಕೊಟ್ಟೂರಪ್ಪನವರು ಅವರನ್ನೆಲ್ಲ ನಿಯಮ ತೋರಿಸಿ ವಾಪಸ್ಸು ಕಳಿಸಿದರು. ಊರಿನವರಿಗೆ ವಿದ್ಯೆ ಬೇಕಾಗಿಲ್ಲ ಎಂದರು ಪ್ರಿನ್ಸಿಪಾಲರು. ಈ ವಿದ್ಯೆಗೆ ಬೇಡಿಕೆ ಇಲ್ಲ ಎಂದಿತು ವಿಶ್ವವಿದ್ಯಾನಿಲಯ. ನಿಜವಾದ ಕಾರಣ ಯಾರಿಗೂ ಹೊಳೆಯಲಿಲ್ಲ.

೧೯೫೯ರ ಜೂನ್ ಮೊದಲ ವಾರ ಕಾಗದ ಬಂತು. ಅದನ್ನು ಬಿಚ್ಚಿ ಓದಿ ಹೇಳಿದವಳು ನಾನೇ. ಈ ಜುಲೈ ಮೂವತ್ತೊಂದಕ್ಕೆ ಹೊಸ ವಿದ್ಯಾರ್ಥಿಗಳು ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ನೂಲು-ನೇಯ್ಗೆ ವಿಭಾಗ ಮುಚ್ಚತಕ್ಕದ್ದು. ಮಗ್ಗಗಳನ್ನು ಬೇರೆ ಊರಿನ ಶಾಲೆಗೆ ರೈಲಿನಲ್ಲಿ ಕಳಿಸತಕ್ಕದ್ದು. ಈಗಿರುವ ಹುಡುಗರನ್ನೂ ಅಲ್ಲಿಗೇ ವರ್ಗ ಮಾಡತಕ್ಕದ್ದು. ಬೋಧಕರ ಹುದ್ದೆ ರದ್ದು. ಕೊಟ್ಟೂರಪ್ಪನವರು ಎದ್ದು ಆಚೆ ನೋಡಿದರು. ಕಿಟಕಿಯಿಂದ ಆಚೆ ಮಗ್ಗದ ಶೆಡ್ಡಿನಲ್ಲಿ ಇಮಾಮ್ ಸಾಬರು ಯಾರಿಗೋ ಗದರುತ್ತಿದ್ದರು.

"ಆ ಮನುಷ್ಯಗೆ ನಾನು ಮಾತು ಕೊಟ್ಟೀನಲ್ಲವ್ವ" ಎಂದರು. ಆಮೇಲೆ, "ಇಪ್ಪತ್ತು ಅಂದ್ರೆ ಇಪ್ಪತ್ತು. ತರ್ತೀನಿ, ನೋಡ್ತಾ ಇರು" ಎಂದರು. ಆ ದನಿ ನನಗೆ ಗೊತ್ತು. ಅದು ರಿಬ್ಬನ್ನು ಕೊಡುವುದಿಲ್ಲ ಎನ್ನುವಾಗಿನ ದನಿ. ಆಮೇಲೆ ದೇವರೇ ಬಂದರೂ ಅಲ್ಲಾಡುವುದಿಲ್ಲ.

ಮಾರನೇ ದಿನ ಅವರು ಹೋದ ವರ್ಷ ಯಾಕೆ ಹೆಚ್ಚು ಜನ ಬರಲಿಲ್ಲ ಎಂದು ತಲೆ ಕೆಡಿಸಿಕೊಂಡು ಕೂತಿದ್ದರು. ನಾನು ನನ್ನ ಹಳೇ ಟೈಪ್‌ರೈಟರಿನ ಜೊತೆ ಗುದ್ದಾಡುತ್ತಿದ್ದೆ, ಹೊಸ ಯಂತ್ರ ರಿಪೇರಿಗೆ ಹೋಗಿತ್ತು. ಈ ಹೊಸ ಯಂತ್ರದ್ದೊಂದು ಕಥೆ ಇದೆ. ಅದು ಹಿಂದಿನ ವರ್ಷದ ಜೂನ್ ಕೊನೆಗೇ ಬಂದಿತ್ತು. ಆದರೆ ಕೊಟ್ಟೂರಪ್ಪನವರು ಅದರ ಪೆಟ್ಟಿಗೆ ಬಿಚ್ಚಲು ಬಿಡಲಿಲ್ಲ. ಆಷಾಢದಲ್ಲಿ ಹೊಸ ಸಾಮಾನು ಬಿಚ್ಚಬಾರದಂತೆ! ಆಷಾಢ ಕಳೆದರೆ ಆ ವರ್ಷ ಅಧಿಕ ಶ್ರಾವಣ, ಅದರಲ್ಲೂ ಆಗದಂತೆ. ಎರಡು ತಿಂಗಳು ಪೆಟ್ಟಿಗೆ ನನ್ನ ಕಣ್ಣೆದುರೇ ಕೂತಿತ್ತು, ನಾನು ಮುರುಕು ಯಂತ್ರದಲ್ಲಿ ಬೆರಳು ಸವೆಸಿದೆ. ಬಾಯಲ್ಲಿ ಶರಣರ ವಚನ, ಜೇಬಲ್ಲಿ ಪಂಚಾಂಗ, ಅಂಥ ಮನುಷ್ಯ. ಕ್ಷೌರಕ್ಕೂ ತಿಥಿ ನೋಡುತ್ತಿದ್ದರು.

ಆ ಹಳೇ ಸಿಟ್ಟು ನನಗೆ ನೆತ್ತಿಗೇರಿತು. "ಯಾಕೆ ಬರಲಿಲ್ಲ, ಯಾಕೆ ಬರಲಿಲ್ಲ ಅಂತ ನನ್ನ ಯಾಕ ಕೇಳ್ತೀರಿ? ಒಂದು ಟೈಪ್‌ರೈಟರಿಗೆ ಎರಡು ತಿಂಗಳು ಆಷಾಢ, ಅಧಿಕ ಅಂತ ಕೂರಿಸಿದ್ರಲ್ಲ, ಮಕ್ಕಳನ್ನ ಹೊಸದಾಗಿ ಶಾಲೆಗೆ ಹಾಕೋ ಅಪ್ಪ-ಅಮ್ಮ ನೋಡೋದಿಲ್ಲೇನ್ರಿ ಅದನ್ನ?" ಎಂದೆ. ಸಿಟ್ಟಿನಲ್ಲಿ ಅಂದ ಮಾತು ಅಷ್ಟೇ.

ಕೊಟ್ಟೂರಪ್ಪನವರು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದರು. ಆಮೇಲೆ ಕೋಟಿನ ಜೇಬಿನಿಂದ ಪಂಚಾಂಗ ತೆಗೆದರು. ಮೊದಲ ವರ್ಷ ಜುಲೈ ಮುಗಿಯುವ ಮೊದಲೇ ಶ್ರಾವಣ ಬಂದಿತ್ತು. ಹೋದ ವರ್ಷ ಪುಸ್ತಕ ಮುಚ್ಚಿದ ದಿನ ಅಧಿಕ ಶ್ರಾವಣದ ನಡುವೆ. ಅದು ಮುಗಿದ ಮೇಲೆ ಒಬ್ಬೊಬ್ಬರೇ ಮಕ್ಕಳನ್ನು ಕರೆದುಕೊಂಡು ಬಂದಿದ್ದಾರೆ, ಇವರೇ ಬಾಗಿಲಲ್ಲಿ ನಿಂತು ವಾಪಸ್ಸು ಕಳಿಸಿದ್ದಾರೆ. ಮನೆಯಲ್ಲಿ ಪೊರಕೆ ಕೊಳ್ಳುವುದಕ್ಕೂ ಪಂಚಾಂಗ ತೆರೆಯುವವರು ಆಫೀಸಿಗೆ ಬಂದ ಕೂಡಲೇ ಇಂಗ್ಲಿಷ್ ಕ್ಯಾಲೆಂಡರು ಒಂದನ್ನೇ ನಂಬಿದ್ದರು. "ಥೂ ನನ್ನ ಬುದ್ಧಿಗೆ ಬೆಂಕಿ ಹಾಕ!" ಎಂದು ಹಣೆ ಹಣೆ ಚಚ್ಚಿಕೊಂಡರು. ಹುಡುಗರು ಇದ್ದರು, ಊರಿಗೆ ವಿದ್ಯೆಯೂ ಬೇಕಿತ್ತು. ದಿನ ಮಾತ್ರ ಸರಿ ಇರಲಿಲ್ಲ.

ಈ ವರ್ಷ ಇನ್ನೂ ಕಷ್ಟ. ಜುಲೈ ಆರಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಏಳರಿಂದ ಆಷಾಢ, ಅದು ಮುಗಿಯುವುದು ಆಗಸ್ಟ್ ನಾಲ್ಕಕ್ಕೆ. ಇಮಾಮ್ ಸಾಬರನ್ನು ಕರೆದು ಕೇಳಿದರೆ, "ನಮ್ಮೋರದ್ದೂ ಅದೇ ಕಥೆ ಸಾಬ್. ಈ ಸಾರಿ ಮೊಹರಂ ಚಾಂದು ಅದೇ ಹೊತ್ತಿಗೆ ಬೀಳ್ತೈತೆ. ಆ ತಿಂಗ್ಳು ಯಾರೂ ಹೊಸ ಕೆಲ್ಸ ಹಿಡಿಯೋದಿಲ್ಲ" ಎಂದರು. ಹಾಗಾದರೆ ಜುಲೈ ಏಳರೊಳಗೆ ಸೇರಿಸಿಕೊಳ್ಳೋಣ ಎಂದರೆ ಪರೀಕ್ಷೆಯ ಫಲಿತಾಂಶ, ಅಂಕಪಟ್ಟಿ ಕೈಗೆ ಬರುವುದು ಜುಲೈ ಎರಡನೇ ವಾರ. ಅಂಕಪಟ್ಟಿ ಇಲ್ಲದೆ ಹೆಸರು ಬರೆಯುವ ಹಾಗಿಲ್ಲ. ತಾರೀಕು ಮುಂದೆ ಹಾಕಿ ಎಂದು ವಿಶ್ವವಿದ್ಯಾನಿಲಯಕ್ಕೆ ಬರೆದೆವು. ಪಂಚಾಂಗದ ಪ್ರಕಾರ ಅನುದಾನ ಹಂಚಲು ಬರುವುದಿಲ್ಲ ಎಂದು ಎರಡೇ ಸಾಲಿನ ಉತ್ತರ ಬಂತು. ನನಗೆ ಆ ಉತ್ತರ ಬರೆದವರ ಕೈ ಮುರಿಯಬೇಕು ಅನ್ನಿಸಿತು.

ದಾರಿ ತೋರಿಸಿದವರು ಅವರ ಹೆಂಡತಿ ಬಸವಣ್ಣೆಮ್ಮ. ರಾತ್ರಿ ಊಟಕ್ಕೆ ಬಡಿಸುತ್ತಾ, "ನಿಮ್ಮ ತಮ್ಮ ಸೊಲ್ಲಾಪುರಕ್ಕೆ ಹೊಂಟಾಗ ದಿನ ಸರಿ ಇರಲಿಲ್ಲ ಅಂತ ಪರಸ್ಥಾನ ಇಟ್ಟಿದ್ವಲ್ಲ, ಈ ಹುಡುಗ್ರಿಗೂ ಹಂಗೇ ಇಡಿಸ್ರಿ" ಅಂದರಂತೆ. ಪರಸ್ಥಾನ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊರಡಬೇಕಾದ ದಿನ ಕೆಟ್ಟದಿದ್ದರೆ ಅದಕ್ಕೆ ಮುಂಚೆ ಒಂದು ಒಳ್ಳೆಯ ದಿನ ನೋಡಿ, ಅರಿಶಿನ ಕೊಂಬು, ಅಡಿಕೆ, ತನ್ನದೊಂದು ಸಾಮಾನು ಬಟ್ಟೆಯಲ್ಲಿ ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಡುವುದು. ಗಂಟು ಹೊಸ್ತಿಲು ದಾಟಿತೆಂದರೆ ಪ್ರಯಾಣ ಶುರುವಾದ ಹಾಗೇ ಲೆಕ್ಕ. ಆಮೇಲೆ ಯಾವ ದಿನ ಹೊರಟರೂ ದೋಷವಿಲ್ಲ. ಇನ್ನೊಂದು ಕಟ್ಟಳೆಯೂ ಇದೆ. ಇಟ್ಟ ಗಂಟು ಪ್ರಯಾಣ ಮಾಡದೆ ಮನೆಗೆ ವಾಪಸ್ಸು ಬರಬಾರದು, ಬಂದರೆ ಅಪಶಕುನ.

ಮರುದಿನದಿಂದ ಕೊಟ್ಟೂರಪ್ಪನವರು ಸೈಕಲ್ ಹತ್ತಿದರು. ಇಮಾಮ್ ಸಾಬರದು ಇನ್ನೊಂದು ಸೈಕಲ್. ಆಫೀಸು ಮುಗಿಸಿ ಊರೊಳಗಿನ ಪೇಟೆ, ಭಾನುವಾರ ಬಾತಿ, ಹರಿಹರ, ಹರಿಹರ ದಾಟಿ ಗುತ್ತೂರು. ಪರೀಕ್ಷೆ ಬರೆದ ಹುಡುಗ ಇದ್ದಾನೆಂದು ಗೊತ್ತಾದರೆ ಸಾಕು, ಅವನ ಮನೆಯ ಕಟ್ಟೆಯ ಮೇಲೆ ಇವರಿಬ್ಬರೂ ಹಾಜರು. ಬಿಸಿಲಿಗೆ ಕೊಟ್ಟೂರಪ್ಪನವರ ಮುಖ ಸುಟ್ಟು ಕರಕಲಾಯಿತು, ಒಂದು ಸಲ ಹರಿಹರದ ದಾರಿಯಲ್ಲಿ ಬಿದ್ದು ಮೊಣಕಾಲು ಕೆತ್ತಿಕೊಂಡರು. ಆದರೂ ಬಿಡಲಿಲ್ಲ. ಇಲ್ಲ ಎಂದವರಿಗೆ "ಸರಿ, ಮುಂದಿನ ವಾರ ಬರ್ತೀವಿ" ಎನ್ನುತ್ತಿದ್ದರು, ಬಂದೇ ಬರುತ್ತಿದ್ದರು. ಮುಸಲ್ಮಾನರ ಮನೆಗಳಿಗೆ ಇಮಾಮ್ ಸಾಬರೇ ಒಂದು ಉಪಾಯ ಮಾಡಿದರು: ಮೊಹರಂ ಚಂದ್ರ ಕಾಣುವ ಮುಂಚೆಯೇ ಮಗ್ಗದ ಮುಂದೆ ಫಾತೇಹಾ ಪ್ರಾರ್ಥನೆ ಓದಿಸಿ ಸಕ್ಕರೆ ಹಂಚುವುದು, ಅಲ್ಲಿಗೆ ಹುಡುಗನ ಕಲಿಕೆ ಶುರುವಾದಂತೆ. ಅವರೂ ಒಂದೊಂದು ಗಂಟು ಇಡುತ್ತೇವೆಂದರು. ಎಲ್ಲರ ಹಾಗೆ ನಮ್ಮದೂ ಇರಲಿ ಎಂದರಂತೆ.

ಜುಲೈ ಎರಡು, ಗುರುವಾರ, ಒಳ್ಳೆಯ ದಿನ. ಬೆಳಗಿನಿಂದಲೇ ಜನ ಬಂದರು. ಒಬ್ಬ ಪೆನ್ಸಿಲು ಕಟ್ಟಿದ್ದ, ಒಬ್ಬ ಅಡಿಕೋಲು, ಗುತ್ತೂರಿನ ಒಬ್ಬ ಹುಡುಗ ತನ್ನ ಅಜ್ಜನ ಮಗ್ಗದ ಲಾಳಿಯನ್ನೇ ಕಟ್ಟಿ ತಂದಿದ್ದ. ಆಫೀಸಿನ ಬೀರುವಿನಲ್ಲಿ ಫೈಲುಗಳನ್ನು ಕೆಳಗಿಳಿಸಿ ಎರಡು ಅರೆಗಳನ್ನು ಖಾಲಿ ಮಾಡಿದ್ದೆವು. ಪ್ರಿನ್ಸಿಪಾಲರು ಮೈಸೂರಿನ ಕಡೆಯವರು, ಬಂದು ನೋಡಿ, "ಏನ್ರೀ ಇದು, ಆಫೀಸೋ ಸತ್ರವೋ?" ಎಂದರು. "ಅಡ್ಮಿಷನ್ನು ಸಾರ್" ಎಂದರು ಕೊಟ್ಟೂರಪ್ಪನವರು, ತಲೆ ಎತ್ತದೆ. ಸಂಜೆಗೆ ಎಣಿಸಿದರೆ ಇಪ್ಪತ್ಮೂರು ಗಂಟು. ಅವರು ಪ್ರತಿಯೊಂದಕ್ಕೂ ಚೀಟಿ ಅಂಟಿಸಿ ಹೆಸರು ಬರೆದು ನೆಮ್ಮದಿಯಿಂದ ಮನೆಗೆ ಹೋದರು.

ಅವರು ಹೋದ ಹತ್ತು ನಿಮಿಷಕ್ಕೆ ಬಸವಣ್ಣೆಮ್ಮ ಬಂದರು, ಸೆರಗಿನಲ್ಲಿ ಏನೋ ಮುಚ್ಚಿಕೊಂಡು. ಜೊತೆಗೆ ಮಗಳು ನಿರ್ಮಲ. ಒಬ್ಬಳೇ ಮಗಳು, ಆ ವರ್ಷ ಎಸ್ಸೆಸ್ಸೆಲ್ಸಿ ಬರೆದಿದ್ದಳು. ಅಪ್ಪನಿಗೆ ಬುತ್ತಿ ತಂದಾಗಲೆಲ್ಲ ಮಗ್ಗದ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು. ಹುಡುಗರು ಊಟಕ್ಕೆ ಹೋದಾಗ ಇಮಾಮ್ ಸಾಬರು ಅವಳ ಕೈಯಲ್ಲಿ ಕಡಿದ ಎಳೆ ಕಟ್ಟಿಸುತ್ತಿದ್ದರು, "ಈ ಬೇಟಿಯ ಬೆರಳಿನಾಗೆ ಕೆಲ್ಸ ಐತೆ" ಎನ್ನುತ್ತಿದ್ದರು. ಬಸವಣ್ಣೆಮ್ಮ ನನ್ನ ಮೇಜಿನ ಮೇಲೆ ಒಂದು ಸಣ್ಣ ಗಂಟು ಇಟ್ಟರು.

"ಇದನ್ನೂ ಒಳಗಿಡವ್ವ. ಅವರಿಗೆ ಹೇಳಬ್ಯಾಡ."

"ಅಲ್ಲಮ್ಮಾ, ಮದುವೆ ಮಾತು ನಡೆದೈತಂತಲ್ಲ, ಕೊಂಡಜ್ಜಿ ಕಡೆ ಗಂಡು?"

"ನಡೆದೈತೆ. ಶ್ರಾವಣದಾಗೆ ನೋಡಾಕೆ ಬರ್ತಾರಂತೆ. ನಾನು ಬ್ಯಾಡ ಅನ್ನಾಕೆ ಆಗಲಿಲ್ಲ. ಇದು ಕಾಡಿ ಕಾಡಿ ನನ್ನ ತಲೆ ತಿಂದೈತೆ" ಎಂದು ಮಗಳತ್ತ ನೋಡಿದರು. ನಿರ್ಮಲ ನೆಲ ನೋಡುತ್ತಿದ್ದಳು. ಆದರೆ ಗಂಟಿನ ಮೇಲಿದ್ದ ಅವಳ ಕೈ ತೆಗೆಯಲಿಲ್ಲ. ನಾನು ಆ ಗಂಟನ್ನು ತೆಗೆದುಕೊಂಡು ಮೇಲಿನ ಅರೆಯಲ್ಲಿ ಎಲ್ಲಕ್ಕಿಂತ ಹಿಂದೆ ಇಟ್ಟೆ, ಚೀಟಿ ಅಂಟಿಸಲಿಲ್ಲ. ತಪ್ಪು ಮಾಡುತ್ತಿದ್ದೇನೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ.

ಫಲಿತಾಂಶ ಬಂತು. ಇಪ್ಪತ್ಮೂರರಲ್ಲಿ ನಾಲ್ವರು ಫೇಲು. ಉಳಿದವರು ಹತ್ತೊಂಬತ್ತು. ಫೇಲಾದವರ ತಂದೆಯರು ಸಪ್ಪೆ ಮುಖ ಮಾಡಿಕೊಂಡು ಬಂದಾಗ ಕೊಟ್ಟೂರಪ್ಪನವರು ಗಂಟು ವಾಪಸ್ಸು ಕೊಡಲಿಲ್ಲ. "ಇಲ್ಲೇ ಇರ್ಲಿ ಬಿಡ್ರಿ. ಸೆಪ್ಟೆಂಬರಿಗೆ ಮತ್ತೆ ಬರೀತಾನೆ, ಮುಂದಿನ ವರ್ಷ ಬರ್ತಾನೆ" ಎಂದು ನಾಲ್ಕೂ ಗಂಟುಗಳನ್ನು ಮೇಲಿನ ಅರೆಗೆ ಏರಿಸಿದರು. ಆಷಾಢ ಶುರುವಾಗಿತ್ತು, ಗಾಳಿ ಬೀಸುತ್ತಿತ್ತು, ಆದರೂ ಹುಡುಗರು ಅಂಕಪಟ್ಟಿ ಹಿಡಿದು ಬಂದರು. ಹೆಸರು ಬರೆಸಿ ತಮ್ಮ ತಮ್ಮ ಗಂಟು ತೆಗೆದುಕೊಂಡು ನೆಟ್ಟಗೆ ಮಗ್ಗದ ಶೆಡ್ಡಿಗೆ ಹೋಗುತ್ತಿದ್ದರು. ಜುಲೈ ಇಪ್ಪತ್ತೊಂಬತ್ತರ ಹೊತ್ತಿಗೆ ಹದಿನೆಂಟು ಹೆಸರಾಯಿತು.

ಬಾರದೆ ಉಳಿದವನು ಹರಿಹರದ ವಾಮದೇವಪ್ಪನವರ ಮಗ. ವಾಮದೇವಪ್ಪನವರು ಅರಳೆ ವ್ಯಾಪಾರಿ, ಗಟ್ಟಿ ಕುಳ. ಮಗನನ್ನು ಅಂಗಡಿಯಲ್ಲೇ ಕೂರಿಸುತ್ತೇನೆಂದು ಹೇಳಿ ಕಳಿಸಿದ್ದರು. ಮೂವತ್ತನೇ ತಾರೀಕು ಕೊಟ್ಟೂರಪ್ಪನವರು ಆ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಇಮಾಮ್ ಸಾಬರ ಜೊತೆ ಹರಿಹರಕ್ಕೆ ಹೊರಟರು. ಅಲ್ಲಿ ನಡೆದದ್ದನ್ನು ಇಮಾಮ್ ಸಾಬರು ನನಗೆ ಹೇಳಿ ಹೇಳಿ ನಕ್ಕಿದ್ದಾರೆ. ಇವರು ಮನೆಯೊಳಗೆ ಹೋಗಲೇ ಇಲ್ಲ. ಬೀದಿಯಲ್ಲಿ, ಹೊಸ್ತಿಲಿನ ಆಚೆ, ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

"ಒಳಗೆ ಬರ್ರಿ, ಕೂಡ್ರಿ" ಎಂದರು ವಾಮದೇವಪ್ಪ.

"ಇಲ್ರಿ, ಹೊತ್ತಾತು. ನಿಮ್ಮ ಮಗನ ಪರಸ್ಥಾನ ವಾಪಸ್ ಕೊಟ್ಟು ಹೋಗಾಕೆ ಬಂದೆ. ಎಲ್ಲಿ ಇಡ್ಲಿ?"

ಒಳಗಿನಿಂದ ಅವರ ತಾಯಿ ನೀಲಕ್ಕ, ಎಂಬತ್ತರ ಮುದುಕಿ, ಕೋಲು ಊರಿಕೊಂಡು ಬಂದರು. "ಏನಂದ್ರಿ? ಪರಸ್ಥಾನ ವಾಪಸ್ಸಾ? ಹೊಸ್ತಿಲು ದಾಟಿದ್ದು ಮತ್ತೆ ನನ್ನ ಮನ್ಯಾಗೆ ಬರಬೇಕಾ? ಏಯ್ ವಾಮ, ನಾನಿನ್ನೂ ಜೀವಂತ ಅದೀನಿ! ಹುಡುಗನ್ನ ಕಳಿಸ್ತೀಯೋ ಇಲ್ಲ ನಾನೇ ಹೋಗಿ ಕಾಲೇಜಿನಾಗೆ ಕೂಡಲೋ?" ಎಂದು ಕೋಲು ನೆಲಕ್ಕೆ ಕುಟ್ಟಿದರು. ವಾಮದೇವಪ್ಪ ತಾಯಿಗೆ ಎದುರಾಡುವವರಲ್ಲ. ಸೋತು ಸುಮ್ಮನಾದರು, ಆದರೆ ಕೊಟ್ಟೂರಪ್ಪನವರನ್ನು ಸುಮ್ಮನೆ ಬಿಡಲಿಲ್ಲ. "ಊರ ಮಂದಿ ಮಕ್ಕಳ್ನೆಲ್ಲ ಎಳೆದಾಡ್ತೀರಲ್ಲ, ನಿಮ್ಮ ಮನ್ಯಾಗಿಂದ ಎಷ್ಟು ಗಂಟು ಬಂದಾವ್ರಿ?" ಎಂದರು.

"ನನಗೆ ಗಂಡುಮಕ್ಕಳಿಲ್ರಿ" ಎಂದರಂತೆ ಇವರು.

ಮೂವತ್ತೊಂದನೇ ತಾರೀಕು, ಶುಕ್ರವಾರ. ವಾಮದೇವಪ್ಪನವರ ಮಗ ಬೆಳಿಗ್ಗೆ ಬಂದು ಹೆಸರು ಬರೆಸಿದ. ಹತ್ತೊಂಬತ್ತು. ಮಧ್ಯಾಹ್ನ ಮೂರಾಯಿತು. ಇನ್ನು ಬರುವವರು ಯಾರೂ ಇರಲಿಲ್ಲ. ಪ್ರಿನ್ಸಿಪಾಲರು ಬಂದು ದನಿ ತಗ್ಗಿಸಿ ಹೇಳಿದರು: "ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ಒಂದೇ ಹೆಸರು ರೀ. ಯಾವುದಾದರೂ ಒಂದು ಬರೆದುಬಿಡಿ. ಶ್ರಾವಣ ಬಂದರೆ ಹೇಗೂ ಯಾರಾದರೂ ಬರ್ತಾರೆ."

"ಇಲ್ಲದ ಹುಡುಗನ್ನ ನಾನು ಬರಿಯಾಕಿಲ್ಲ ಸಾರ್" ಎಂದರು ಕೊಟ್ಟೂರಪ್ಪನವರು. "ಸುಳ್ಳು ಹೆಸರಿನ ಮೇಲೆ ಉಳಿದ ವಿಭಾಗ ನನಗೆ ಬ್ಯಾಡ. ಇಮಾಮ್ ಸಾಬರಿಗೂ ಬ್ಯಾಡ." ಪ್ರಿನ್ಸಿಪಾಲರು ಹೆಗಲು ಕುಣಿಸಿ ಹೋದರು. ನಿರ್ಮಲ ಪಾಸಾಗಿದ್ದು ನನಗೆ ಗೊತ್ತಿತ್ತು. ಹೇಳಲೋ ಬೇಡವೋ, ಹೇಳಿದರೆ ಮೇಲೆ ಬೀಳುತ್ತಾರೋ ಏನೋ ಎಂದು ಬೆರಳು ಕಚ್ಚುತ್ತಾ ಕೂತಿದ್ದೆ. ಅಷ್ಟರಲ್ಲಿ ಅವರೇ ಎದ್ದು ಬೀರು ತೆಗೆದರು. ಯಾವುದಾದರೂ ಮರೆತ ಗಂಟಿದೆಯೋ ಎಂದು ಮೇಲಿನ ಅರೆಗೆ ಕೈ ಹಾಕಿ ಎಣಿಸಿದರು. ನಾಲ್ಕಿರಬೇಕಾದಲ್ಲಿ ಐದು.

ಐದನೆಯದನ್ನು ಈಚೆ ತೆಗೆದರು. ಚೀಟಿ ಇರಲಿಲ್ಲ. ಬಿಳಿ ಬಟ್ಟೆ, ಅಂಚಿಗೆ ಸಣ್ಣ ಕೆಂಪು ಗೆರೆ. ಅವರ ಕೈ ತಾನಾಗಿಯೇ ತಲೆಯ ರುಮಾಲಿನ ಕಡೆ ಹೋಯಿತು. ಅದೇ ಅಂಚು. ಅವರ ಹಳೇ ರುಮಾಲಿನ ತುಂಡು ಅದು.

"ಇದು ಯಾರದು?" ಎಂದರು. ಗೊತ್ತಾಗಿಯೇ ಕೇಳಿದರು.

"ನಿಮ್ಮ ಮನೇದು. ಜುಲೈ ಎರಡರಂದೇ ಬಂದೈತೆ. ನಾನೇ ಒಳಗಿಟ್ಟೆ" ಎಂದೆ.

ಸಿಡಿದುಬಿದ್ದರು. "ಯಾರನ್ನ ಕೇಳಿ ಇಟ್ಟೆ? ಶ್ರಾವಣದಾಗೆ ಗಂಡಿನ ಕಡೆಯವ್ರು ಬರ್ತಾರೆ. ಹೆಣ್ಣುಹುಡುಗೀನ ಇಷ್ಟು ಹುಡುಗರ ನಡುವೆ ಮಗ್ಗದ ಮುಂದೆ ಕೂರಿಸಲಾ? ಜನ ಏನಂತಾರೆ?" ನನಗೂ ತಡೆಯಲಾಗಲಿಲ್ಲ. "ನಾನೂ ಇಷ್ಟು ಗಂಡಸರ ನಡುವೆ ಟೈಪ್ ಮಾಡ್ತಾ ಕೂತಿಲ್ವೇನ್ರಿ? ನನಗೇನಾಗೈತೆ? ನಿಯಮದ ಪುಸ್ತಕ ಪೂರ್ತಿ ತಿರುವಿದೀನಿ, ಹೆಣ್ಣುಮಕ್ಕಳು ಬರಬಾರದು ಅಂತ ಒಂದು ಸಾಲು ತೋರಿಸ್ರಿ, ನಾನು ಇವತ್ತೇ ಕೆಲಸ ಬಿಡ್ತೀನಿ!"

ಜಗಳದ ಸದ್ದಿಗೆ ಇಮಾಮ್ ಸಾಬರು ಬಾಗಿಲಿಗೆ ಬಂದಿದ್ದರು. ಗಂಟು ನೋಡಿದರು, ಅವರಿಗೆ ಎಲ್ಲ ತಿಳಿಯಿತು. "ಬ್ಯಾಡಮ್ಮಾ, ಬಿಡ್ರಿ" ಎಂದರು ನನಗೆ. "ನನ್ನ ಕೆಲ್ಸ ಉಳೀಲಿ ಅಂತ ಅವರ ಬೇಟೀನ ಎಳೀಬ್ಯಾಡ್ರಿ. ನಾನು ಮಿಲ್ಲಿನಾಗೆ ಕೇಳ್ತೀನಿ. ಗೇಟ್ ಕಾಯೋ ಕೆಲ್ಸನಾದ್ರೂ ಕೊಟ್ಟಾರು."

ಕೊಟ್ಟೂರಪ್ಪನವರು ಆ ಗಂಟನ್ನು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತರು. ಗಡಿಯಾರ ನೋಡಿದರು, ನಾಲ್ಕು ಗಂಟೆ. ಮನೆಗೆ ಕೊಂಡೊಯ್ಯುವ ಹಾಗಿಲ್ಲ, ಅಪಶಕುನ. ನಿನ್ನೆ ತಾನೇ ಹರಿಹರದಲ್ಲಿ ಇನ್ನೊಬ್ಬರ ಹೊಸ್ತಿಲ ಮುಂದೆ ಆ ಕಟ್ಟಳೆಯನ್ನೇ ಹಿಡಿದು ನಿಂತು ಬಂದವರು. ಗಂಟನ್ನು ಮೇಜಿನ ಮೇಲಿಟ್ಟು, ಎದ್ದು, ಏನೂ ಹೇಳದೆ ಸೈಕಲ್ ಹತ್ತಿ ಹೋಗಿಬಿಟ್ಟರು. ಮಗಳನ್ನು ಕರೆತರಲು ಹೋದರೋ, ಹೆಂಡತಿಯನ್ನು ಬೈಯಲು ಹೋದರೋ ನಮಗೆ ತಿಳಿಯಲಿಲ್ಲ. ನಾನೂ ಇಮಾಮ್ ಸಾಬರೂ ಆ ಗಂಟನ್ನು ನೋಡುತ್ತಾ ಕೂತೆವು. ನಾಲ್ಕೂವರೆ ಆಯಿತು.

ಐದಕ್ಕೆ ಹತ್ತು ನಿಮಿಷ ಇರುವಾಗ ಸೈಕಲ್ ಬೆಲ್ಲು ಕೇಳಿಸಿತು. ಹಿಂದಿನ ಕ್ಯಾರಿಯರ್ ಮೇಲೆ ನಿರ್ಮಲ ಕೂತಿದ್ದಳು, ಅಂಕಪಟ್ಟಿಯನ್ನು ಎದೆಗೆ ಅವುಚಿಕೊಂಡು. ಕೊಟ್ಟೂರಪ್ಪನವರು ಒಳಗೆ ಬಂದು ತಮ್ಮ ಕುರ್ಚಿಯಲ್ಲಿ ಕೂತು, ದಾಖಲಾತಿ ಪುಸ್ತಕ ತೆರೆದು, ಮಸಿಯಲ್ಲಿ ಲೇಖನಿ ಅದ್ದಿದರು. ಅವಳನ್ನು ಎಲ್ಲ ಹುಡುಗರ ಹಾಗೆ ಮೇಜಿನ ಆಚೆ ನಿಲ್ಲಿಸಿದರು.

"ಹೆಸರು?"

"ನಿರ್ಮಲ."

"ತಂದೆ ಹೆಸರು?"

"ಕೊಟ್ಟೂರಪ್ಪ."

"ತಂದೆ ಉದ್ಯೋಗ?"

"ಈ ಶಾಲೆ ಹೆಡ್ ಕ್ಲಾರ್ಕು."

ಬರೆದರು. ಬರೆಯುತ್ತಾ ಬರೆಯುತ್ತಾ ಕೈ ನಿಂತಿತು. "ಇದು ನಿನಗೆ ಬೇಕು ಅಂತ ಮೊದ್ಲೇ ಯಾಕ ಹೇಳ್ಲಿಲ್ಲ?" ಎಂದರು. ಈ ಪ್ರಶ್ನೆ ಪುಸ್ತಕದಲ್ಲಿ ಇರಲಿಲ್ಲ.

"ನೀವು ಗುತ್ತೂರಿನ ತನಕ ಮನೆ ಮನೆಗೆ ಹೋಗಿ ಕೇಳಿದ್ರಿ" ಎಂದಳು ನಿರ್ಮಲ. "ನಮ್ಮ ಮನೇಲಿ ಕೇಳ್ಲಿಲ್ಲ, ಅಪ್ಪಾ."

ಕೊಟ್ಟೂರಪ್ಪನವರು ತಲೆ ಬಗ್ಗಿಸಿ ಉಳಿದ ಸಾಲು ತುಂಬಿದರು, ಕೆಳಗೆ ಗೆರೆ ಎಳೆದರು, ಇಪ್ಪತ್ತು ಎಂದು ಬರೆದು ಸಹಿ ಹಾಕಿದರು. ಆಮೇಲೆ ಗಂಟನ್ನು ಎತ್ತಿ ಅವಳ ಕೈಗೆ ಕೊಟ್ಟರು.

"ಮನೀಗೆ ಒಯ್ಯಬ್ಯಾಡ. ಮಗ್ಗದ ಹತ್ರ ಹೋಗಿ ಬಿಚ್ಚು" ಎಂದರು.

ಇಮಾಮ್ ಸಾಬರು ಮುಂದೆ ಮುಂದೆ ಹೋಗಿ ಶೆಡ್ಡಿನ ಬಾಗಿಲು ತೆಗೆದರು, ಅವಳು ಅವರ ಹಿಂದೆ ಹೋದಳು. "ಏನ್ ನೋಡ್ತಾ ಕೂತೀಯವ್ವ, ಕಾಗದ ಟೈಪ್ ಮಾಡು, ಟಪಾಲು ತಪ್ಪತೈತೆ" ಎಂದು ಕೊಟ್ಟೂರಪ್ಪನವರು ನನ್ನ ಮೇಲೆ ರೇಗಿದರು. ನಾನು ಯಂತ್ರಕ್ಕೆ ಹಾಳೆ ಏರಿಸಿ ಇಪ್ಪತ್ತು ಹೆಸರು ಹೊಡೆದೆ. ಕೊನೆಯ ಹೆಸರು ಹೊಡೆಯುವಾಗ ನನಗೆ ಕಣ್ಣು ತುಂಬಿ ಅಕ್ಷರವೇ ಕಾಣಲಿಲ್ಲ, ತಪ್ಪಾಗಿ ಹಾಳೆ ಬದಲಾಯಿಸಬೇಕಾಯಿತು. ಒಂದು ಹಾಳೆ ದಂಡ ಆಯಿತೆಂದು ಆವತ್ತು ಅವರು ಒಂದು ಮಾತೂ ಅನ್ನಲಿಲ್ಲ.